ಯಂತ್ರದ ಮುಖ ತಿರುಗಿಸಿದ ಸಭೆ

1993ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು ಪಾಸಾಗಿತ್ತು; ಫೇಲಾಗಿ ಬಿಟ್ಟವನಲ್ಲ, ಇದನ್ನು ಕೇಳದವರಿಗೂ ಹೇಳುತ್ತೇನೆ. ಆ ಬೇಸಿಗೆ ರಜೆಯಲ್ಲಿ ಮಳವಳ್ಳಿಯ ಮೈಕ್‌ಸೆಟ್ ಅಂಗಡಿಯೊಂದಕ್ಕೆ ಕೂಲಿಗೆ ಸೇರಿದ್ದೆ. ಜೂನ್ ಬಂತು, ಸ್ಕೂಲಿನ ಗಂಟೆ ಹೊಡೆಯಿತು. ಆಗ ನಾನು ಒಂದು ಮದುವೆ ಮನೆಯ ತೆಂಗಿನ ಮರದ ಮೇಲೆ ಕುಳಿತು ಹಾರ್ನ್ ಕಟ್ಟುತ್ತಿದ್ದೆ. ಅಲ್ಲಿಂದ ಸ್ಕೂಲು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಾನು ಇಳಿಯಲಿಲ್ಲ.

ಅವತ್ತಿನಿಂದ ಒಂದು ದಿನವೂ ಕೈಕಟ್ಟಿ ಕುಳಿತವನಲ್ಲ. ಹಾರ್ನ್ ಹೋಗಿ ಸ್ಪೀಕರ್ ಬಾಕ್ಸ್ ಬಂತು. ಬಾಕ್ಸಿನ ಹಿಂದೆಯೇ ವಿಡಿಯೊ ಬಂತು. ಕ್ಯಾಸೆಟ್ ಹೋಯಿತು, ಸಿ.ಡಿ. ಬಂದು ಅದೂ ಹೋಯಿತು. ಕೊರೋನಾ ಕಾಲದಲ್ಲಿ ಮದುವೆಗೆ ಜನ ಸೇರುವಂತಿಲ್ಲ ಎಂದಾಗ ಲೈವ್ ಬಂತು, ನಾನು ಅದನ್ನೂ ಹಿಡಿದೆ. ಬೀಗರ ಊಟವನ್ನು ಲೈವ್ ತೋರಿಸಿದವರಲ್ಲಿ ನಮ್ಮ ಕಡೆ ನಾನೇ ಮೊದಲಿಗ ಇರಬೇಕು. ಮುದ್ದೆಯ ಮೇಲೆ ಸಾರು ಬೀಳುವುದನ್ನು ಇನ್ನೂ ಹತ್ತಿರದಿಂದ ತೋರಿಸು ಎಂದು ಮಂಡ್ಯದಲ್ಲಿ ಕುಳಿತ ನೆಂಟರು ಸಂದೇಶದ ಮೇಲೆ ಸಂದೇಶ ಕಳಿಸಿದ್ದರು. ತೋರಿಸಿದೆ. ಅದನ್ನು ನೋಡಿ ಒಬ್ಬರು ಬೈಕ್ ಹತ್ತಿ ಹೊರಟೇ ಬಂದರು.

ಹಾಲು ಹಾಕುವವರ ಒಕ್ಕೂಟದ ಮೇಡಂ ನನಗೆ ಫೋನ್ ಮಾಡಿದ್ದು ಇಂಥ ಹೆಸರು ನನಗೆ ಬಂದ ಮೇಲೆ. ಮೂರು ತಾಲ್ಲೂಕಿನ ಒಂಬತ್ತು ಹಳ್ಳಿ ಡೈರಿಗಳು ಸೇರಿ ಮಾಡಿಕೊಂಡ ಸಣ್ಣ ಒಕ್ಕೂಟ ಅದು. ವರ್ಷಕ್ಕೊಮ್ಮೆ ಮದ್ದೂರಿನ ಕಲ್ಯಾಣ ಮಂಟಪದಲ್ಲಿ ಮಹಾಸಭೆ. ಆದರೆ ಹಾಲು ಕರೆಯುವ ಹೆಂಗಸರೇ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಸಭೆ ಮುಗಿಸಿ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಕರೆಯುವ ಹೊತ್ತು ಮೀರಿರುತ್ತದೆ. ಎಮ್ಮೆಗೆ ಅಜೆಂಡಾ ತಿಳಿಯುವುದಿಲ್ಲ. ಅದಕ್ಕೆ ಈ ಸಲ ವೇದಿಕೆ ಮದ್ದೂರಿನಲ್ಲಿ, ಜನ ಅವರವರ ಊರಿನ ಡೈರಿಯಲ್ಲಿ, ನಡುವೆ ಟಿ.ವಿ.ಯೂ ಫೋನೂ ಎಂದು ಮೇಡಂ ತೀರ್ಮಾನಿಸಿದ್ದರು.

ನಾನು ಆಗಲಿ ಎಂದೆ. ಅವರು ಒಂದು ಹಾಳೆ ಕಳಿಸಿದರು. ಮಾತನಾಡಿದ್ದೆಲ್ಲ ಪರದೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರಬೇಕು. ಕಣ್ಣು ಕಾಣದವರ ಫೋನು ಓದಿ ಹೇಳುವ ಹಾಗೆ ಆಹ್ವಾನ ಇರಬೇಕು. ಬಟನ್ ಫೋನಿನವರು ಬರೀ ಕರೆ ಮಾಡಿ ಸೇರಿಕೊಳ್ಳುವಂತಿರಬೇಕು. ಕಿವಿ ಕೇಳದವರಿಗೆ ಕೈಭಾಷೆ ಹೇಳುವವರು ಪರದೆಯಲ್ಲಿ ಇರಬೇಕು. ಮೂವತ್ತು ವರ್ಷ ಮೈಕ್ ಹಿಡಿದವನಿಗೆ ಇವರು ಪಾಠ ಹೇಳುತ್ತಿದ್ದಾರಲ್ಲ ಎಂದು ನನಗೆ ಸ್ವಲ್ಪ ಉರಿಯಿತು. ಕಿವಿ ಕೇಳದವರ ವಿಷಯವನ್ನಂತೂ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಅಕ್ಕನಿಗೇ ಕಿವಿ ಕೇಳುವುದಿಲ್ಲ.

ಅಕ್ಕನನ್ನು ಕೊಟ್ಟಿರುವುದು ಹೊಳಲಿಗೆ. ಅವಳು ಅಲ್ಲಿನ ಡೈರಿಯ ಸದಸ್ಯೆ. ಎರಡು ಎಮ್ಮೆ ಕಟ್ಟಿದ್ದಾಳೆ. ಹುಟ್ಟಿದಾಗಿನಿಂದ ಅವಳಿಗೆ ಸದ್ದಿಲ್ಲ, ಶಾಲೆಗೂ ಕಳಿಸಲಿಲ್ಲ. ನಮ್ಮ ಮನೆಯಲ್ಲಿ ನಮ್ಮದೇ ಕೈಮಾತು ಬೆಳೆದಿತ್ತು. ಮೂಗುತಿ ಮುಟ್ಟಿದರೆ ಅವ್ವ, ಮೀಸೆ ತಿರುವಿದರೆ ಅಪ್ಪ, ಎರಡು ಕೈ ಹಿಂದಕ್ಕೆ ಬಗ್ಗಿಸಿದರೆ ಎಮ್ಮೆ, ನಾಲಿಗೆ ಹೊರಗೆ ಹಾಕಿದರೆ ನಾನು. ಅಂಗಡಿಗೆ ಸೇರಿದ ಮೇಲೆ ಜನರ ಮುಂದೆ ಕೈಮಾತು ಆಡುವುದನ್ನು ಬಿಟ್ಟೆ. ಊರೂರಿಗೆ ಕೇಳುವ ಮೈಕಿನವನು ಬೀದಿಯಲ್ಲಿ ಕೈ ಕುಣಿಸಿದರೆ ಹುಡುಗರು ನಗುತ್ತಿದ್ದರು. ಮನೆಯೊಳಗೆ ಆಡುತ್ತಿದ್ದೆ, ಹೊರಗೆ ಆಡುತ್ತಿರಲಿಲ್ಲ. ಅದು ತಪ್ಪು. ಇಲ್ಲಿ ಬರೆದಿಟ್ಟಿದ್ದೇನೆ.

ಸಭೆಗೆ ವಾರ ಇರುವಾಗ ಹೊಳಲಿಗೆ ಹೋಗಿ ಡೈರಿಯಲ್ಲಿ ಟಿ.ವಿ. ಕಟ್ಟಿದೆ. ಅಕ್ಕ ಬರುವ ಜಾಗವೆಂದು ಉಳಿದ ಎಂಟು ಊರಿಗೆ ಇಲ್ಲದ ಏರ್ಪಾಟು ಮಾಡಿದೆ: ಅವಳು ಕೂರುವ ಬೆಂಚಿನ ಎರಡು ಮಗ್ಗುಲಿಗೂ ಎದೆಯೆತ್ತರದ ಬಾಕ್ಸ್ ಇಟ್ಟು ಸದ್ದನ್ನು ತುದಿಯವರೆಗೆ ಏರಿಸಿದೆ. ಮೈಕ್‌ಸೆಟ್ಟಿನವನ ಬುದ್ಧಿ ಇಷ್ಟೆ. ಕೇಳುವುದಿಲ್ಲ ಎಂದರೆ ಇನ್ನೆರಡು ಬಾಕ್ಸ್ ಹಾಕು. ಕಟ್ಟಿದ್ದ ಒಂದು ಕರು ಹಗ್ಗ ಕಿತ್ತುಕೊಂಡು ಓಡಿತು. ಪಕ್ಕದ ಮನೆಯ ಹಂಚು ಅಲುಗಿತು ಎಂದು ಅದರ ಯಜಮಾನ ದೊಣ್ಣೆ ಸಮೇತ ಬಂದ. ಅಕ್ಕ ಮಾತ್ರ ನಿರಾಳವಾಗಿ ಕುಳಿತು, ಬಾಕ್ಸಿನ ಮೇಲೆ ಸ್ಟೀಲ್ ಲೋಟ ಇಟ್ಟು ಅದು ಕುಣಿಯುವುದನ್ನು ನೋಡಿ ಕೈತಟ್ಟಿ ನಕ್ಕಳು. ಆಮೇಲೆ ತನ್ನ ಕಿವಿ ತೋರಿಸಿ, ನನ್ನ ತಲೆ ತೋರಿಸಿ, ಎರಡಕ್ಕೂ ಒಂದೇ ಸನ್ನೆ ಮಾಡಿದಳು: ಒಳಗೆ ಏನೂ ಇಲ್ಲ.

ನಗು ಮುಗಿದ ಮೇಲೆ ಅವಳು ನನ್ನ ಕೈ ಹಿಡಿದು ಹಾಲು ಅಳೆಯುವ ಮೇಜಿನ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿ ಫ್ಯಾಟ್ ನೋಡುವ ಯಂತ್ರವಿದೆ. ಹಾಲು ಎಷ್ಟು ಗಟ್ಟಿ ಎಂಬುದು ಅದರ ಪುಟ್ಟ ಪರದೆಯಲ್ಲಿ ಕೆಂಪು ಅಂಕಿಯಲ್ಲಿ ಬರುತ್ತದೆ. ಪರದೆ ಕಾರ್ಯದರ್ಶಿಯ ಕಡೆಗಿದೆ. ಅವನು ಅಂಕಿಯನ್ನು ಬಾಯಲ್ಲಿ ಕೂಗುತ್ತಾನೆ. ಸಾಲಿನಲ್ಲಿರುವ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿ ಹುಬ್ಬು ಹಾರಿಸುತ್ತಾರೆ. ಅಕ್ಕ ಹೇಳಿದ್ದು ಇದು: ನನ್ನ ಎಮ್ಮೆಯ ಹಾಲಿನ ಸುದ್ದಿ ಊರಿಗೆಲ್ಲ ಗೊತ್ತು. ನನಗೆ ಮಾತ್ರ ವಾರ ಕಳೆದು ಪುಸ್ತಕಕ್ಕೆ ಬರೆದ ಮೇಲೆ ಗೊತ್ತಾಗುತ್ತದೆ. ಈ ಯಂತ್ರದ ಮುಖವನ್ನು ನಮ್ಮ ಕಡೆ ತಿರುಗಿಸಬೇಕು.

ಎಷ್ಟೋ ವರ್ಷದಿಂದ ಇದನ್ನೇ ಕೇಳುತ್ತಿದ್ದಳಂತೆ. ಮಹಾಸಭೆಯಲ್ಲಿ ತೀರ್ಮಾನ ಆಗಬೇಕು ಎಂದು ಕಾರ್ಯದರ್ಶಿ ಕಳಿಸಿಬಿಡುತ್ತಿದ್ದ. ಮಹಾಸಭೆಯಲ್ಲಿ ಇಂಥದ್ದಕ್ಕೆ ಇರುವ ಜಾಗ ಒಂದೇ, ಕೊನೆಯಲ್ಲಿ ಬರುವ ‘ಇತರೆ ವಿಷಯ’. ಸದಸ್ಯರೇ ಎದ್ದು ಹೇಳಬೇಕು, ಇನ್ನೊಬ್ಬ ಸದಸ್ಯರು ಅನುಮೋದಿಸಬೇಕು. ತಪ್ಪಿದರೆ ಮತ್ತೆ ಮುಂದಿನ ವರ್ಷ. ಈ ಸಲ ನಾನೇ ಹೇಳುತ್ತೇನೆ ಎಂದು ಅಕ್ಕ ಎದೆ ಮುಟ್ಟಿಕೊಂಡಳು. ಆ ಎರಡು ಬಾಕ್ಸನ್ನು ನಾನೇ ಹೊತ್ತು ಆಟೊಗೆ ಹಾಕಿಕೊಂಡು ಮಳವಳ್ಳಿಗೆ ಬಂದೆ.

ಇನ್ನೊಂದು ಪೆಟ್ಟು ಆಹ್ವಾನದಿಂದ ಬಿತ್ತು. ಪೋಸ್ಟರ್ ಮಾಡುವುದರಲ್ಲಿ ನನ್ನನ್ನು ಯಾರೂ ಮೀರಿಸಲಾರರು ಎಂದುಕೊಂಡಿದ್ದೆ: ಮೇಲೆ ದೇವರು, ಸುತ್ತ ಚೆಂಡುಹೂವು, ಹದಿನಾಲ್ಕು ಮುಖಂಡರ ದುಂಡು ಫೋಟೊ, ಕೆಂಪಿನ ಮೇಲೆ ಹಳದಿ ಅಕ್ಷರ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಅರ್ಧ ಗಂಟೆಗೆ ಮಳವಳ್ಳಿ ಕಡೆಯ ಒಬ್ಬ ಹಿರಿಯ ಸದಸ್ಯರು ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ. ಬಂದ ಸಂದೇಶವನ್ನೆಲ್ಲ ಅವರ ಫೋನೇ ಓದಿ ಹೇಳುತ್ತದೆ.

"ಏನಯ್ಯಾ ಕಳಿಸಿದ್ದೀಯೆ? ನನ್ ಪೋನು ‘ಚಿತ್ರ’ ಅಂತ ಒಂದ್ ಮಾತ್ ಏಳ್ಬುಟ್ಟು ಬಾಯ್ ಮುಚ್ಕತ್ತದೆ."

ಏನೇನಿದೆ ಎಂದು ನಾನು ಹೇಳುತ್ತಾ ಹೋದೆ. ಏಳನೇ ಮುಖಂಡರಿಗೆ ಬರುವಷ್ಟರಲ್ಲಿ ಅವರು ತಡೆದರು. "ಸಬೆ ಎಷ್ಟೊತ್ತಿಗೆ ಅಂತ ಏಳಪ್ಪಾ ಮೊದ್ಲು." ನಾನು ಪೋಸ್ಟರ್ ನೋಡಿದೆ. ಹದಿನಾಲ್ಕು ಫೋಟೊಗಳ ಸಂದಣಿಯಲ್ಲಿ ಸಭೆಯ ಹೊತ್ತು ಹಾಕುವುದೇ ಮರೆತುಹೋಗಿತ್ತು. ಕಣ್ಣು ಕಾಣುವ ಮುನ್ನೂರು ಜನ ಹೂವಿನ ಚಿತ್ರ, ಕೈಮುಗಿಯುವ ಚಿತ್ರ ಕಳಿಸಿ ಬಹಳ ಚೆನ್ನಾಗಿದೆ ಎಂದಿದ್ದರು. ಒಬ್ಬರಿಗೂ ಅದು ತೋಚಿರಲಿಲ್ಲ. ಆಮೇಲೆ ನಾಲ್ಕು ಸಾಲು ಬರೆದು ಕಳಿಸಿದೆ: ಎಲ್ಲಿ, ಯಾವಾಗ, ಫೋನಿನಲ್ಲಿ ಸೇರುವುದು ಹೇಗೆ, ಯಾವ ಬಟನ್ ಒತ್ತಬೇಕು. ಬರೆಯುವುದಕ್ಕೆ ಐದು ನಿಮಿಷ ಸಾಕಾಯಿತು. ಪೋಸ್ಟರಿಗೆ ಒಂದೂವರೆ ದಿನ ಹಿಡಿದಿತ್ತು.

ಅಕ್ಷರದ ಕೆಲಸ ನನ್ನ ಹೆಂಡತಿಯದು. ಲ್ಯಾಪ್‌ಟಾಪ್ ತಾನಾಗಿಯೇ ಮಾತನ್ನು ಅಕ್ಷರ ಮಾಡುತ್ತದೆ, ಆದರೆ ನಮ್ಮ ಕಡೆಯ ಮಾತು ಕೇಳಿದರೆ ತಬ್ಬಿಬ್ಬಾಗುತ್ತದೆ. ಅದಕ್ಕೆ ಅವಳೇ ಕೈಯಲ್ಲಿ ಟೈಪ್ ಮಾಡುತ್ತೇನೆ ಎಂದಳು. ಮದುವೆಗೆ ಮುಂಚೆ ಮಂಡ್ಯದಲ್ಲಿ ಟೈಪಿಂಗ್ ಕಲಿತವಳು, ಮಾತಿಗಿಂತ ಬೆರಳು ಜೋರು.

ಕೈಭಾಷೆಗೆ ಬಂದವರು ಮಂಡ್ಯದ ಕಡೆ ಕಿವುಡ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ. ಅಕ್ಕನದು ಮನೆಯ ಸನ್ನೆ, ಅವರದು ಶಾಲೆಯ ಸನ್ನೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ತಿಳಿದ ಕೂಡಲೇ ಟೀಚರಮ್ಮ ಮೂರು ಮಧ್ಯಾಹ್ನ ಹೊಳಲಿಗೆ ಬಂದು ಅಕ್ಕನ ಜೊತೆ ಕೊಟ್ಟಿಗೆಯಲ್ಲಿ ಕುಳಿತು ಅವಳ ಮಾತನ್ನು ಕಲಿತರು. ಅಕ್ಕ ಯಾರನ್ನೂ ಹೆಸರಿನಿಂದ ಕರೆಯುವವಳಲ್ಲ, ಎಲ್ಲರಿಗೂ ಒಂದು ಗುರುತು ಇಟ್ಟಿದ್ದಾಳೆ. ಡೈರಿಯ ಕಾರ್ಯದರ್ಶಿ ಎಂದರೆ ಕಿವಿಯ ಮೇಲಿನ ಪೆನ್ನು. ಒಕ್ಕೂಟದ ಅಧ್ಯಕ್ಷರೆಂದರೆ ಎರಡು ಕೈಯಲ್ಲಿ ಬಿಡಿಸಿದ ದುಂಡು ಹೊಟ್ಟೆ. ಟೀಚರಮ್ಮ ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗಂಭೀರವಾಗಿ ಬರೆದುಕೊಂಡರು.

ಅವರ ಶ್ರದ್ಧೆ ನೋಡಿ ನನಗೆ ಮನಸ್ಸು ತುಂಬಿತು. ನಾನೇ ಅಧ್ಯಕ್ಷರ ಹತ್ತಿರ ಹೋಗಿ ಟೀಚರಮ್ಮನಿಗೆ ಸನ್ಮಾನ ಮಾಡಬೇಕು ಎಂದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ನನ್ನ ಖರ್ಚಿನಲ್ಲೇ ತಂದೆ. ನಮ್ಮ ಕಡೆ ಸನ್ಮಾನ ಇಲ್ಲದ ಸಭೆಯನ್ನು ಸಭೆ ಎನ್ನುವುದಿಲ್ಲ. ಕೊನೆಯಲ್ಲಿ ಮಾಡಿ ಎಂದು ಮಾತ್ರ ಹೇಳಿದ್ದೆ.

ಸಭೆಯ ದಿನ ನಾನು, ಹೆಂಡತಿ, ಟೀಚರಮ್ಮ ಮದ್ದೂರಿನ ಮಂಟಪದಲ್ಲಿದ್ದೆವು; ಮೂರು ಗಂಟೆಗೆ ಸರಿಯಾಗಿ ಎಲ್ಲ ಊರುಗಳೂ ಪರದೆಗೆ ಬಂದವು. ಕೆರಗೋಡು ಮೊದಲು ಬಂತು. ಅಲ್ಲಿಯವರು ಬಹಳ ಹೊತ್ತು ತಲೆಕೆಳಗಾಗಿ ಕುಳಿತಿದ್ದರು, ಆಮೇಲೆ ಯಾರೋ ಫೋನ್ ತಿರುಗಿಸಿದರು. ಮಳವಳ್ಳಿಯ ಹಿರಿಯರು ಫೋನಿನಲ್ಲಿ ಕೆಮ್ಮಿ, ನಾನು ಬಂದಿದ್ದೇನೆ ಎಂದು ಸಾರಿದರು. ಪರದೆಯ ಮೇಲಿನ ಹೊಳಲಿನ ಚೌಕದಲ್ಲಿ ಅಕ್ಕ ಮುಂದಿನ ಬೆಂಚಿನಲ್ಲಿದ್ದಳು, ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ. ಪರದೆಯ ಒಂದು ಮೂಲೆಯಲ್ಲಿ ಟೀಚರಮ್ಮನ ಕೈಗಳು ಹಾರುತ್ತಿದ್ದವು, ಕೆಳಗೆ ನನ್ನ ಹೆಂಡತಿಯ ಅಕ್ಷರ ಓಡುತ್ತಿತ್ತು. ವರದಿ ಮುಗಿಯಿತು, ಮುಂದಿನ ವರ್ಷದ ಯೋಜನೆ ಮುಗಿಯಿತು. ಅಕ್ಕನ ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ಇಷ್ಟು ವರ್ಷ ಸಭೆಯಲ್ಲಿ ಇವರು ಏನು ಮಾತನಾಡುತ್ತಾರೆ ಎಂದು ಅವಳಿಗೆ ಮೊದಲ ಸಲ ತಿಳಿಯುತ್ತಿತ್ತು. ಒಮ್ಮೆ ಆಕಳಿಸಿದಳು. ಅಂದರೆ ಪೂರ್ತಿ ತಿಳಿದಿದೆ ಎಂದು ನನಗೆ ಖಾತ್ರಿಯಾಯಿತು.

ನಾಲ್ಕೂವರೆ ಆಯಿತು. ಅಧ್ಯಕ್ಷರಿಗೆ ಒಂದು ಆರತಕ್ಷತೆಗೆ ಹೋಗುವುದಿತ್ತು. ಹೊತ್ತು ಉಳಿಸಲು ಅವರು ಎರಡು ಕೆಲಸ ಒಟ್ಟಿಗೇ ಮಾಡಲು ಹೊರಟರು. ಸನ್ಮಾನ ಮಾಡಿ ಎಂದು ಪಕ್ಕದವರಿಗೆ ಕೈ ತೋರಿಸಿ, ತಾವು ಮೈಕಿನ ಮುಂದೆ ನಿಂತರು. ನೋಡುನೋಡುತ್ತಿದ್ದಂತೆ ಟೀಚರಮ್ಮನ ಮೇಲೆ ಐದು ಜನ ನಿರ್ದೇಶಕರು ಬಿದ್ದರು. ಶಾಲು ಹೊದಿಸಿದರು, ಅದರ ತುದಿ ಹಿಡಿದು ಫೋಟೊಗೆ ಸಾಲಾಗಿ ನಿಂತರು. ಪೇಟ ಹುಬ್ಬಿನವರೆಗೆ ಇಳಿಯಿತು. ಎರಡೂ ಕೈಗೆ ಅನಾನಸ್ ಸಮೇತ ಹಣ್ಣಿನ ಬುಟ್ಟಿ ಬಂತು. ಫೋಟೊ ತೆಗೆಯುವವರೆಗೆ ಬುಟ್ಟಿ ಕೆಳಗಿಡುವಂತಿಲ್ಲ, ಇಟ್ಟರೆ ಕೊಟ್ಟವರಿಗೆ ಅವಮಾನ. ಫೋಟೊ ತೆಗೆಯಬೇಕಾದವನು ನಾನು.

ಆಗಲೇ ಅಧ್ಯಕ್ಷರು ಹೇಳಿದರು: "ಇತರೆ ವಿಷಯ ಯಾವುದಾದರೂ ಇದೆಯೇ? ಇಲ್ಲದಿದ್ದರೆ ವಂದನಾರ್ಪಣೆ."

ಪರದೆಯಲ್ಲಿ ಅಕ್ಕ ಅನಾನಸ್ ನೋಡುತ್ತಿದ್ದಳು. ಕೆಳಗೆ ಅಕ್ಷರ ಬಂತು. ಅವಳಿಗೆ ಓದು ಬರುವುದಿಲ್ಲ. ಟೀಚರಮ್ಮ ಬುಟ್ಟಿಯ ಹಿಂದಿನಿಂದ ಕತ್ತು ಚಾಚಿ, ಅಕ್ಕನಿಗೆ ಕಾಣಲಿ ಎಂದು ಗದ್ದ ಆಡಿಸುತ್ತಿದ್ದರು. ಅಕ್ಕನೋ ಅದನ್ನು ಸಂತೋಷ ಎಂದು ತಿಳಿದು ತಾನೂ ತಲೆಯಾಡಿಸಿದಳು. ಅಧ್ಯಕ್ಷರು ಎರಡನೇ ಸಲ ಕೇಳಿದರು. ವಂದನಾರ್ಪಣೆ ಮಾಡುವವರು ಕುರ್ಚಿಯಿಂದ ಎದ್ದರು. ನಾನು ಕ್ಯಾಮೆರಾ ಹಿಡಿದು ನಿಂತೇ ಇದ್ದೆ. ಹೆಂಡತಿ ಟೈಪ್ ನಿಲ್ಲಿಸದೆ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

"ನಿಮ್ಗೆ ಬತ್ತದಲ್ಲ. ಓಗಿ."

ಹೋದೆ. ಕ್ಯಾಮೆರಾ ಬಿಟ್ಟು ಕ್ಯಾಮೆರಾದ ಮುಂದೆ ಹೋದೆ. ಒಂಬತ್ತು ಊರಿನವರು ನೋಡುತ್ತಿರುವಾಗ ನಾಲಿಗೆ ಹೊರಗೆ ಹಾಕಿದೆ, ಅದು ನನ್ನ ಹೆಸರು. ಅಕ್ಕ ಬೆಂಚಿನಿಂದ ಅರ್ಧ ಎದ್ದಳು. ನೀನ್ಯಾಕೆ, ಟೀಚರ್ ಎಲ್ಲಿ ಎಂದು ಕೇಳಿದಳು. ಟೀಚರ್ ಹಣ್ಣಿನಲ್ಲಿ ಸಿಕ್ಕಿಕೊಂಡಿದ್ದಾರೆ, ಈಗ ನಿನ್ನ ಸರದಿ, ಹೇಳು ಎಂದೆ. ಬಾಯಿಗೆ ಸೆರಗು ಒತ್ತಿ ನಕ್ಕು, ಸೆರಗು ಸರಿಮಾಡಿಕೊಂಡು, ಎದ್ದು ನಿಂತು ಶುರುಮಾಡಿದಳು. ಅವಳು ಮೊದಲು ಎರಡು ಕೈಯಲ್ಲಿ ದುಂಡಾಗಿ ಬಿಡಿಸಿದ್ದು ಅಧ್ಯಕ್ಷರನ್ನು.

ನಾನು ಮೈಕಿನಲ್ಲಿ ಹೇಳಿದೆ: "ಮಾನ್ಯ ಅಧ್ಯಕ್ಷರೇ."

ಬುಟ್ಟಿಯ ಹಿಂದಿನಿಂದ ಟೀಚರಮ್ಮನ ದನಿ ಬಂತು. "ಅವರು ಹಾಗೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅದು ನಿಯಮ."

ನಾನು ಅಧ್ಯಕ್ಷರ ಮುಖ ನೋಡಿದೆ. ಅಕ್ಕನ ಮುಖ ನೋಡಿದೆ. ಮೈಕಿನಲ್ಲಿ ಹೇಳಿದೆ: "ಹೊಟ್ಟೆ ಅಧ್ಯಕ್ಷರೇ."

ನನ್ನ ಹೆಂಡತಿ ಅದನ್ನೂ ಟೈಪ್ ಮಾಡಿದಳು. ಒಂಬತ್ತು ಡೈರಿಯ ಟಿ.ವಿ.ಯಲ್ಲಿ, ದೊಡ್ಡ ಅಕ್ಷರದಲ್ಲಿ, ಕಪ್ಪಿನ ಮೇಲೆ ಬಿಳಿ. ಕೆರಗೋಡಿನ ಚೌಕದಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸದ್ದು ಬರುವ ಮೊದಲೇ ಅವರ ಭುಜಗಳು ಅಲುಗುವುದು ಕಂಡಿತು. ಅಧ್ಯಕ್ಷರು ಒಂದು ಗಳಿಗೆ ಕೆಂಪಾದರು, ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದನ್ನು ನೋಡಿಕೊಂಡರು.

"ಇರೋದ್ನೇ ಏಳವ್ಳೆ ಬುಡ್ಲಾ. ಮುಂದುಕ್ಕೇಳು."

ಅಕ್ಕನ ಕೈ ಹೇಳಿತು, ನನ್ನ ಬಾಯಿ ಹೇಳಿತು. ನಾನು ದಿನಾ ಎರಡು ಹೊತ್ತು ಹಾಲು ತರುತ್ತೇನೆ. ಪೆನ್ನಿನವನು ಬಾಯಿ ಆಡಿಸುತ್ತಾನೆ. ಹಿಂದಿನವಳು ನಗುತ್ತಾಳೆ. ಚೆನ್ನಾಗಿದೆ ಎಂದು ನಕ್ಕಳೋ ನೀರು ಎಂದು ನಕ್ಕಳೋ ನನಗೆ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಎಮ್ಮೆಯ ಮುಖ ನೋಡುತ್ತೇನೆ, ಅದೂ ಹೇಳುವುದಿಲ್ಲ. ಯಂತ್ರದ ಮುಖ ನಮ್ಮ ಕಡೆ ತಿರುಗಿಸಿ. ಅಂಕಿ ನನಗೆ ಬರುತ್ತದೆ.

ಹೊಳಲಿನ ಕಾರ್ಯದರ್ಶಿ ಅವಳ ಹಿಂದೆಯೇ ನಿಂತಿದ್ದ. ಯಂತ್ರದ ವೈರು ಗಿಡ್ಡ, ತಿರುಗಿಸಿದರೆ ಕರೆಂಟು ಎಟಕುವುದಿಲ್ಲ ಎಂದ. ಅವನ ಮಾತನ್ನು ಅಕ್ಕನಿಗೆ ದಾಟಿಸಿದೆ. ಅವಳು ತೋಳು ಅಗಲಿಸಿ ಒಂದು ಮಾರು ಅಳೆದು ತೋರಿಸಿ, ಎದೆ ಮುಟ್ಟಿಕೊಂಡಳು. ವೈರು ಅವಳೇ ತರುತ್ತಾಳಂತೆ ಎಂದೆ. ಕಾರ್ಯದರ್ಶಿ ಕಿವಿಯ ಮೇಲಿನ ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಅನುಮೋದಿಸುವವರು ಯಾರು ಎಂದು ಅಧ್ಯಕ್ಷರು ಕೇಳಿದರು. ಕೆರಗೋಡಿನವರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿರುವಾಗ ಫೋನಿನಲ್ಲಿ ಮಳವಳ್ಳಿಯ ಹಿರಿಯರು ಕೆಮ್ಮಿದರು.

"ನಾನು ಅನುಮೋದಿಸ್ತೀನಿ. ಆದ್ರೆ ಒಂದ್ ಮಾತು. ತಿರುಗ್ಸುದ್ರೆ ನಂಗೇನೂ ಕಾಣಾಕಿಲ್ಲ. ಕೂಗೋದ್ನೂ ನಿಲ್ಲುಸ್ಬ್ಯಾಡಿ. ಆ ಅವ್ವಂಗೆ ತೋರ್ಸಿ, ನಂಗೆ ಕೂಗಿ."

ತೋರಿಸುವುದೂ ಕೂಗುವುದೂ ಎರಡೂ ಎಂದು ಮೇಡಂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಒಂಬತ್ತು ಡೈರಿಗೂ ಅನ್ವಯ ಎಂದು ಅಧ್ಯಕ್ಷರು ಸೇರಿಸಿದರು. ಒಪ್ಪುವವರು ಕೈ ಎತ್ತಿ, ಫೋನಿನಲ್ಲಿರುವವರು ಬಾಯಲ್ಲಿ ಹೇಳಿ ಎಂದರು. ಪರದೆಯ ತುಂಬ ಕೈಗಳು ಎದ್ದವು, ಬಳೆಯ ಕೈ, ಸಗಣಿ ಒಣಗಿದ ಕೈ. ಫೋನಿನಿಂದ ಆಯ್ತು, ಸೈ, ಒಪ್ಪಿಗೆ, ಎಮ್ಮೆ ಕರೆಯಲು ಬಿಡಿ ಎಂಬ ದನಿಗಳು ಬಂದವು. ಏನಾಯಿತು ಎಂದು ಅಕ್ಕ ನನ್ನನ್ನು ಕೇಳಲೇ ಇಲ್ಲ. ಅವಳೇ ನೋಡುತ್ತಿದ್ದಳು. ಅಷ್ಟಾದ ಮೇಲೆ ನನಗೆ ಫೋಟೊದ ನೆನಪಾಯಿತು. ಐದು ಜನ ನಿರ್ದೇಶಕರು ಶಾಲಿನ ತುದಿ ಬಿಡದೆ ಇನ್ನೂ ನಿಂತಿದ್ದರು. ಕ್ಲಿಕ್ ಮಾಡಿದೆ.

ಮರುದಿನ ಸಂಜೆ ನಾನೂ ಹೊಳಲಿನ ಡೈರಿಯಲ್ಲಿದ್ದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ ಹೋಗಿದ್ದೆ. ಹೊಸ ವೈರು ಹಾಕಿ ಯಂತ್ರವನ್ನು ತಿರುಗಿಸಿದ್ದರು. ಅಕ್ಕ ಕ್ಯಾನು ಇಳಿಸಿ, ಕಣ್ಣು ಕಿರಿದು ಮಾಡಿ ನಿಂತಳು. ಕೆಂಪು ಅಂಕಿ ಬಂತು: ಆರು ಪಾಯಿಂಟ್ ನಾಲ್ಕು. ಕಾರ್ಯದರ್ಶಿ ಕೂಗಿದ, ಆದರೆ ಅವನ ಬಾಯಿಗಿಂತ ಮೊದಲು ಅವಳ ಬೆರಳು ಆರು, ನಾಲ್ಕು ಎಂದು ಸಾಲಿಗೆಲ್ಲ ಸಾರಿಯಾಗಿತ್ತು. ಕ್ಯಾನು ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಪಕ್ಕಕ್ಕೆ ನಿಂತು ಹಿಂದಿನವಳ ಹಾಲಿಗೆ ಕಾದಳು. ಆರು ಪಾಯಿಂಟ್ ಏಳು.

ಅಕ್ಕನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಊರಿಗೆಲ್ಲ ತನ್ನ ಎಮ್ಮೆಯದೇ ಗಟ್ಟಿ ಹಾಲು ಎಂದು ತಿಳಿದಿದ್ದವಳು. ಆ ಹೆಂಗಸು ಹುಬ್ಬು ಹಾರಿಸಿದಳು, ಅಕ್ಕ ಅವಳಿಗೆ ದೊಡ್ಡದೊಂದು ಬೈಗುಳ ಸನ್ನೆ ಮಾಡಿದಳು. ಅದನ್ನು ನಾನು ಯಾರಿಗೂ ದಾಟಿಸಲಿಲ್ಲ. ಇಬ್ಬರೂ ನಗುತ್ತಾ ಡೈರಿಯಿಂದ ಇಳಿದರು. ದಾರಿಯುದ್ದಕ್ಕೂ ಅಕ್ಕ ನನ್ನ ಜೊತೆ ಕೈಮಾತು ಆಡಿದಳು, ನಾನೂ ಬೀದಿಯಲ್ಲೇ ಆಡಿದೆ: ನಾಳೆಯಿಂದ ಎಮ್ಮೆಗೆ ಹತ್ತಿಬೀಜದ ಹಿಂಡಿ, ಬೆಳಿಗ್ಗೆ ಎರಡು ಹಿಡಿ, ಸಂಜೆ ಎರಡು ಹಿಡಿ. ಈಗ ಸಂಜೆ ಹೊತ್ತು ವಿಡಿಯೊ ಕರೆ ಮಾಡಿ ಬೆರಳಿನಲ್ಲಿ ಅಂಕಿ ತೋರಿಸಿ ಕರೆ ಕತ್ತರಿಸುತ್ತಾಳೆ.

ಇವತ್ತು ನನ್ನ ಹತ್ತಿರ ಮೂರು ಕ್ಯಾಮೆರಾ ಇವೆ, ಎರಡು ಲ್ಯಾಪ್‌ಟಾಪ್, ನಾಲ್ಕು ಬಾಕ್ಸ್, ಒಂದು ಗೂಡ್ಸ್ ಆಟೊ. ಮನೆಯಲ್ಲಿ ನಾವು ಇಬ್ಬರು. ಟೀಚರಮ್ಮನಿಂದ ಕಲಿತ ಶಾಲೆಯ ಸನ್ನೆ ನೂರ ಹನ್ನೆರಡು. ಈ ವರ್ಷ ಒಪ್ಪಿಕೊಂಡಿರುವ ಇಂಥ ಸಭೆ ಆರು.